ಟವೆಲಿನ ಕೆಳಗಿನ ಕೈ

ಮೂರನೆಯ ದಿನವೂ ಅವನನ್ನು ಅದೇ ಕುರ್ಚಿಯಲ್ಲಿ ಕೂರಿಸಿದರು. ಒಂದು ಕಾಲು ಗಿಡ್ಡವಾದ, ಮೈ ಅಲುಗಿದರೆ ಟಕ್ಕೆನ್ನುವ ಪ್ಲಾಸ್ಟಿಕ್ ಕುರ್ಚಿ. ಬಜಾರಪ್ಪ ಸುಮ್ಮನೆ ಮೈ ಅಲುಗಿಸುವ ಪೈಕಿಯಲ್ಲ. ನಲವತ್ತು ವರ್ಷ ದನದ ಸಂತೆಯಲ್ಲಿ ದಲ್ಲಾಳಿಯಾಗಿ ಬಿಸಿಲಿಗೆ ನಿಂತವನಿಗೆ ಕೂರುವುದೆಂದರೆ ರಜೆ ಸಿಕ್ಕ ಹಾಗೆ. ಆದರೂ ಇವತ್ತು ಕುರ್ಚಿ ಎರಡು ಸಲ ಟಕ್ಕೆಂದಿತು, ಎರಡು ಸಲವೂ ಬಾಗಿಲಲ್ಲಿದ್ದ ಪೊಲೀಸಿನವನು ತಿರುಗಿ ನೋಡಿದ. ಆದೋನಿಯ ಹೊರಗಿದ್ದ ಆ ಅತಿಥಿಗೃಹವನ್ನು ತನಿಖೆಯವರು ಹಿಡಿದುಕೊಂಡು ಹನ್ನೆರಡು ದಿನವಾಗಿತ್ತು. ಗೋಡೆಗೆ ಪತ್ತಿಕೊಂಡದ ಸಂತೆ ಬಯಲಿನ ನಕ್ಷೆ ಅಂಟಿಸಿದ್ದರು. ಪೆದ್ದಾಯನ ಬಿದ್ದ ಜಾಗಕ್ಕೆ ಕೆಂಪು ಚುಕ್ಕೆ, ಅದರಿಂದ ಒಂದು ಬೆರಳಗಲ ಆಚೆಗೆ ನೀಲಿ ಚುಕ್ಕೆ. ನೀಲಿ ಚುಕ್ಕೆ ನೀನೇ ಎಂದು ಮೊದಲ ದಿನವೇ ಹೇಳಿದ್ದರು. ಅರವತ್ತು ವರ್ಷ ಬಾಳಿ ಕಡೆಗೆ ಗೋಡೆಯ ಮೇಲೊಂದು ಚುಕ್ಕೆಯಾದೆನಲ್ಲ ಎಂದು ಅವನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ದುಃಖವೇನೂ ಆಗಲಿಲ್ಲ.

ಪೆದ್ದಾಯನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದನ್ನು ಜನ ಮತಯಂತ್ರದ ಮೇಲೆ ಬಿಟ್ಟರೆ ಬೇರೆಲ್ಲೂ ನೋಡಿದವರಲ್ಲ. ಕನ್ನಡದವರೂ ತೆಲುಗಿನವರೂ ಪೆದ್ದಾಯನ, ಅಂದರೆ ದೊಡ್ಡ ಮನುಷ್ಯ, ಎಂದೇ ಕರೆಯುತ್ತಿದ್ದರು. ಎರಡು ಸಲ ಮಂತ್ರಿಯಾಗಿದ್ದ, ಈ ಸಲ ಅವನೇ ಮುಖ್ಯಮಂತ್ರಿ ಎಂದು ಟೀ ಅಂಗಡಿಗಳು ತೀರ್ಮಾನಿಸಿಬಿಟ್ಟಿದ್ದವು. ಊರೂರು ನಡೆಯುತ್ತ ಬಂದವನು ಪತ್ತಿಕೊಂಡದ ಸಂತೆಯ ದಿನ, ಕ್ಯಾಮೆರಾದವರು ಹೇಳಿದರೆಂದು, ರಸ್ತೆ ಬಿಟ್ಟು ದನಗಳ ನಡುವೆ ಇಳಿದ. ಒಂದು ಜೋಡಿ ಕಿಲಾರಿ ಎತ್ತಿನ ಬೆನ್ನು ಚಪ್ಪರಿಸಲು ಕೈ ಎತ್ತಿದಾಗ ಮುಖಕ್ಕೆ ವಸ್ತ್ರ ಸುತ್ತಿದವನೊಬ್ಬ ಮುಂದೆ ಬಂದು ಮೂರು ಗುಂಡು ಹೊಡೆದ. ಇದು ಚರಿತ್ರೆ ಎಂದರು ಟಿವಿಯವರು. ಅಂಗಡಿಗಳು ನಾಲ್ಕು ದಿನ ತೆರೆಯಲಿಲ್ಲ, ಬಸ್ಸುಗಳು ಗುಂತಕಲ್ಲಿನಾಚೆಯೇ ನಿಂತವು. ಆ ಎತ್ತುಗಳ ಪಕ್ಕದಲ್ಲಿ, ಪೆದ್ದಾಯನಿಂದ ಆರು ಅಡಿ ದೂರದಲ್ಲಿ, ಬಜಾರಪ್ಪ ಟವೆಲಿನ ಕೆಳಗೆ ಕೈಯಿಟ್ಟುಕೊಂಡು ನಿಂತಿದ್ದ.

ಅದನ್ನು ಯಾರೋ ಫೋನಿನಲ್ಲಿ ಹಿಡಿದಿದ್ದರು. ಹನ್ನೊಂದು ಸೆಕೆಂಡಿನ ವಿಡಿಯೋ. ಗುಂಡಿನ ಸದ್ದಿಗೆ ಜನ ಜಿಗಿಯುತ್ತಾರೆ, ಬೀಳುತ್ತಾರೆ, ಒಬ್ಬಳು ಕೋಳಿ ಬುಟ್ಟಿಯ ಮೇಲೆಯೇ ಹಾರುತ್ತಾಳೆ, ಎತ್ತುಗಳು ಕೂಡ ಹಗ್ಗ ಜಗ್ಗುತ್ತವೆ. ನಡುವೆ ಒಬ್ಬ ಮುದುಕ ನಿಂತಿದ್ದಾನೆ. ಅವನ ಮುಖ ಬದಲಾಗುವುದಿಲ್ಲ. ಹುಬ್ಬು ಮೇಲೆ ಹೋಗುವುದಿಲ್ಲ, ಬಾಯಿ ತೆರೆಯುವುದಿಲ್ಲ, ಸಂತೆಯಲ್ಲಿ ಏನೂ ಆಗಲೇ ಇಲ್ಲವೆಂಬಂತೆ ದೂರ ಎಲ್ಲೋ ನೋಡುತ್ತಿರುತ್ತಾನೆ. ಆ ಮುಖಕ್ಕೆ ಟಿವಿಯವರು ಕೆಂಪು ಉಂಗುರ ಹಾಕಿ, ಈತನಿಗೆ ಮೊದಲೇ ಗೊತ್ತಿತ್ತೇ ಎಂದು ಕೇಳಿದರು. ಹಾಡಿದ್ದೇ ಹಾಡೋ ಕಿಸಬಾಯಿ ದಾಸನಂತೆ ದಿನವಿಡೀ ಕೇಳಿದರು. ಆಲೂರಿನಲ್ಲಿ ಅವನ ಮಗಳು ರಾಣಿ ಫೋನು ಬಚ್ಚಿಟ್ಟಳು. ಹೆಂಡತಿ ಉರುಕುಂದಮ್ಮ ಮಾತ್ರ ಇಡೀ ವಿಡಿಯೋ ಎರಡು ಸಲ ನೋಡಿ, "ಇದರಾಗ ಹೊಸಾದೇನೈತಿ? ಮೂವತ್ತೈದು ವರ್ಷ ಆತು, ಈ ಮಾರಿ ನೋಡಿ ಉಪ್ಪು ಹೆಚ್ಚಾಗೈತೋ ಕಮ್ಮಿಯಾಗೈತೋ ನಾನೂ ತಿಳ್ಕಣಾಕ ಆಗಿಲ್ಲ," ಎಂದಿದ್ದಳು. ಅದು ತನ್ನ ಪರವಾಗಿ ಆಡಿದ ಮಾತು ಎಂದು ತಿಳಿಯಲು ಅವನಿಗೆ ಅರ್ಧ ದಿನ ಹಿಡಿಯಿತು.

ಮುಖವನ್ನು ಅವನು ಹುಟ್ಟಿನಿಂದ ತಂದವನಲ್ಲ, ಕಲಿತವನು. ಹದಿನೇಳನೆಯ ವಯಸ್ಸಿನಲ್ಲಿ, ಇದೇ ಪತ್ತಿಕೊಂಡದ ಬಯಲಿನಲ್ಲಿ, ಮೊದಲ ಸಲ ಟವೆಲಿನ ಕೆಳಗೆ ಕೈಯಿಟ್ಟಾಗ ಎದುರಿನವನು ಒಳ್ಳೆಯ ಬೆರಳು ಒತ್ತಿದನೆಂದು ಸಣ್ಣಗೆ ನಕ್ಕಿದ್ದ. ಅಪ್ಪ ಎಲ್ಲರೆದುರಿಗೆ ಕಪಾಳಕ್ಕೆ ಬಾರಿಸಿದ. ಯಾವ ಬೆರಳು ಹಿಡಿದರೆ ಎಷ್ಟು ದರ ಎಂಬುದು ಸಂತೆಗೆಲ್ಲ ಗೊತ್ತಿರುವ ಲೆಕ್ಕ. ಯಾವ ಬೆರಳು ಹಿಡಿದರು ಎಂಬುದು ಮಾತ್ರ ಆ ಇಬ್ಬರಿಗೆ ಬಿಟ್ಟು ಮೂರನೆಯವರಿಗೆ ತಿಳಿಯಕೂಡದು. ಅದಕ್ಕೇ ಟವೆಲು. ಕೈ ಒಳಗಿರುವಾಗ ಕೈಯ ಕಡೆ ನೋಡಬಾರದು, ಎದುರಿನವನ ಕಣ್ಣನ್ನೂ ನೋಡಬಾರದು, ದೂರದಲ್ಲಿ ಒಂದು ಜಾಗ ಹಿಡಿದು ಅಲ್ಲೇ ಕಣ್ಣಿಟ್ಟಿರಬೇಕು. ಬಾಯಿಯಂತೂ ಬಿಡಲೇಬಾರದು. ಬಿಟ್ಟರೆ ವ್ಯಾಪಾರ ಮುರಿದ ಹಾಗೆ. ಆ ದಿನ ಆ ಎತ್ತಿಗೆ ಇನ್ನು ಯಾರೂ ಕೈ ಕೊಡುವುದಿಲ್ಲ. ಇದನ್ನೆಲ್ಲ ಅವನು ಮೊದಲ ದಿನ ತನಿಖೆಯವರಿಗೆ ಹೇಳಿದ್ದ. ಅವರಲ್ಲೊಬ್ಬ ಕಂಪ್ಯೂಟರಿನವನು ಆಸೆಯಿಂದ, ತೋರಿಸು ತಾತಾ, ಎಂದು ಕೈ ಚಾಚಿದ. ಅವನ ಅಂಗೈ ಬೆಣ್ಣೆಯಂತಿತ್ತು. ಬಜಾರಪ್ಪ ಎರಡು ಬೆರಳು ಒತ್ತಿ ಬಿಟ್ಟ. ಎಲ್ಲರೂ ನಕ್ಕರು, ಆಮೇಲೆ ಒಬ್ಬ ಮನುಷ್ಯ ಸತ್ತದ್ದು ನೆನಪಾಗಿ ನಿಲ್ಲಿಸಿದರು.

ಇವತ್ತು ಬೆಳಗ್ಗೆ ಗೇಟಿನ ಹತ್ತಿರ ಒಬ್ಬ ಹೆಂಗಸು ಅವನನ್ನು ತಡೆದಿದ್ದಳು. ಬೇವಿನ ಮರದ ಕೆಳಗೆ, ಸ್ಟೀಲಿನ ಡಬ್ಬಿಯೊಂದನ್ನು ಸೆರಗಿನಲ್ಲಿ ಸುತ್ತಿ ಹಿಡಿದು, ಅಲ್ಲೇ ಬಿಡಾರ ಹೂಡಿದವಳಂತೆ ಕೂತಿದ್ದಳು. ಅವಳ ಹೆಸರು ಉಚ್ಚಮ್ಮ. ಪೊಲೀಸರು ಹಿಡಿದಿಟ್ಟ ಸುಂಕೇಶನ ತಾಯಿ. ಸಂತೆಗೆ ಮೆಣಸಿನಕಾಯಿ ಮೂಟೆ ಇಳಿಸಲು ಬಂದಿದ್ದ ಸುಂಕೇಶ, ಎಲ್ಲರ ಹಾಗೆ ಧೂಳಿಗೆ ಮುಖಕ್ಕೆ ವಸ್ತ್ರ ಸುತ್ತಿದ್ದ, ಎಲ್ಲರ ಹಾಗೆ ಓಡಿದ. ಅವನ ವಸ್ತ್ರದ ಚೌಕಳಿ ಮಾತ್ರ ಕೊಂದವನ ವಸ್ತ್ರದ ಚೌಕಳಿಯನ್ನು ಹೋಲುತ್ತಿತ್ತು. ಆದೋನಿಯ ಒಂದೇ ಅಂಗಡಿಯಲ್ಲಿ ಅಂಥವು ದಿನಕ್ಕೆ ನೂರು ಹೋಗುತ್ತವೆ.

"ಅಣ್ಣಾ, ನೀ ಆಲೂರು ಬಜಾರಪ್ಪಲ್ಲಾ?" ಎಂದಳು ಉಚ್ಚಮ್ಮ. "ಹೊಡದೋನ ಮಾರಿ ನೀ ನೋಡೀಯಂತ ಎಲ್ಲಾರೂ ಅಂತಾರ. ನಮ್ಮ ಸುಂಕೇಶಂದು ಅಲ್ಲಾಂದ್ರ ಅಲ್ಲ ಅಂತ ಹೇಳಣ್ಣಾ."

ಅವಳು ಅವನ ಮುಖವನ್ನು ಹುಡುಕಿದಳು, ಅಲ್ಲಿ ಏನೂ ಸಿಗದೆ ಕಣ್ಣು ಕೆಳಗಿಳಿಸಿದಳು.

"ಹೌದಾಗಿದ್ರ ಹೌದು ಅಂತಾನ ಹೇಳು. ನಾ ನಿನ್ನ ಬೈಯಂಗಿಲ್ಲ. ಏನಾರ ಒಂದು ಹೇಳು."

ಈ ಕೊನೆಯ ಮಾತೇ ಅವನ ಹಿಂದೆ ಒಳಗೆ ಬಂದು ಕುರ್ಚಿಯನ್ನು ಎರಡು ಸಲ ಟಕ್ಕೆನ್ನಿಸಿದ್ದು. ಕಾಲಿಗೆ ಬಿದ್ದಿದ್ದರೆ, ಅತ್ತಿದ್ದರೆ, ಶಾಪ ಹಾಕಿದ್ದರೆ ಅವನು ದಾಟಿಕೊಂಡು ಬರುತ್ತಿದ್ದ; ಎತ್ತು ಮಾರಿ ಹಗ್ಗ ಕೈಬದಲಾಯಿಸುವಾಗ ಅಳುವ ರೈತರನ್ನು ಅವನು ಎಷ್ಟು ನೋಡಿಲ್ಲ! ಆದರೆ ಆಕೆ ನ್ಯಾಯದ ದರ ಕೇಳಿದವಳಂತೆ ಕೇಳಿದ್ದಳು. ನಿನ್ನೆ ಸಂಜೆ ತನಿಖೆಯವರು ಸುಂಕೇಶನ ಫೋಟೋ ತೋರಿಸಿದಾಗ ಅವನಿಗೆ ಒಂದು ನೋಟ ಸಾಕಾಗಿತ್ತು. ಅಲ್ಲ. ಎತ್ತಿನ ಬಾಯಿ ನೋಡಿ ನಾಲ್ಕು ಹಲ್ಲೋ ಆರು ಹಲ್ಲೋ ಎಂದು ವಯಸ್ಸು ಹೇಳುವವನಿಗೆ, ಸುಳಿ ನೋಡಿ ಎತ್ತು ಯಾರ ಕೊಟ್ಟಿಗೆಯದೆಂದು ಹೇಳುವವನಿಗೆ, ಮನುಷ್ಯನ ಮುಖ ಒಂದು ದೊಡ್ಡ ವಿಷಯವೇ? ಆದರೆ ಬಾಯಿಂದ ಬಂದದ್ದು, "ಗೊತ್ತಾಗಲ್ದು ಸಾರು," ಎಂದು. ರಾತ್ರಿ ಊಟವೂ ಚೆನ್ನಾಗಿಯೇ ಸೇರಿತ್ತು. ಅದು ನೆನಪಾದಾಗ ಅವನಿಗೆ ನಾಚಿಕೆಯಾಯಿತು.

ನಾಗಭೂಷಣ ಒಳಗೆ ಬಂದ. ತನಿಖೆಯ ದೊಡ್ಡ ಅಧಿಕಾರಿ, ನಲವತ್ತೈದರ ಆಸುಪಾಸು, ಆದೋನಿಯವನೇ. ಮನೆಮಾತು ಕನ್ನಡ, ಕಚೇರಿ ಮಾತು ತೆಲುಗು. ಹನ್ನೆರಡು ದಿನ ನಿದ್ದೆಗೆಟ್ಟು ಕಣ್ಣು ಬಾತುಹೋಗಿದ್ದವು. ಫೈಲನ್ನು ಮೇಜಿನ ಮೇಲಿಟ್ಟು, ಬಾಗಿಲಿನವನನ್ನು ಹೊರಗೆ ಕಳಿಸಿ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ.

"ಟೀ ಕೊಟ್ರಾ ಬಜಾರಪ್ಪಾ?"

"ಕೊಟ್ರು ಸಾರು."

"ನಾಳೆ ಮ್ಯಾಜಿಸ್ಟ್ರೇಟ್ ಮುಂದ ನಿನ್ನ ಹೇಳಿಕಿ. ಅಲ್ಲಿ ಹೇಳಿದ್ದು ಮತ್ತ ತಿರುಗಂಗಿಲ್ಲ. ಅದಕ್ಕ ಇವತ್ತು ನಾವಿಬ್ರು ಕುಂತು ಒಂದು ದಾರಿ ಮಾಡಿಕಣಾನು." ಅವನು ಹಣೆ ಉಜ್ಜಿಕೊಂಡ. "ಈಗ ನೋಡು, ಲೋಕ ಎಲ್ಲಾ ನಿನ್ನ ಮ್ಯಾಲ ಅನುಮಾನ ಪಡ್ತೈತಿ. ನಾ ಅದನ್ನ ಉಲ್ಟಾ ಮಾಡ್ತೀನಿ. ಸದ್ದು ಕೇಳ್ತು, ಎಲ್ಲಾರೂ ಓಡಿದ್ರು, ನೀ ಓಡ್ಲಿಲ್ಲ. ಧೈರ್ಯವಾಗಿ ನಿಂತಿ. ಹೊಡದೋನು ಓಡುವಾಗ ವಸ್ತ್ರ ಜಾರಿತು, ಮಾರಿ ಕಂಡ್ತು. ಅದು ಸುಂಕೇಶನ ಮಾರಿ. ಅಷ್ಟೇ. ಅಯಿಪೋಯಿಂದಿ, ಮುಗೀತು."

"ವಸ್ತ್ರ ಜಾರಿತಾ ಸಾರು?"

"ಜಾರಿರಬೌದು. ಎತ್ತಿನ ಹಿಂದ ಏನಾತು ಅಂತ ಯಾ ವಿಡಿಯೋದಾಗೂ ಇಲ್ಲ."

ಬಜಾರಪ್ಪ ನಕ್ಷೆಯ ಕಡೆ ನೋಡಿದ. ನಕ್ಷೆಯಲ್ಲಿ ಸೊಪ್ಪೆಯ ಬಂಡಿ ಇರಲಿಲ್ಲ. ಬರೆದವರಿಗೆ ಅದು ಮುಖ್ಯವೆನಿಸಿರಲಿಲ್ಲ, ಅಥವಾ ಅಷ್ಟರಲ್ಲಿ ಯಾರೋ ಅದನ್ನು ಹೊಡೆದುಕೊಂಡು ಹೋಗಿದ್ದರು. ನೀಲಿ ಚುಕ್ಕೆಯ ಎದುರು, ಇಪ್ಪತ್ತು ಹೆಜ್ಜೆ ದೂರ, ಬಯಲಿನ ಬೇಲಿಗೆ ಒತ್ತಿ ಅದು ನಿಂತಿತ್ತು. ದನದ ಮೇವಿಗೆಂದು ಜೋಳದ ಸೊಪ್ಪೆ ಆಳೆತ್ತರಕ್ಕೆ ಹೇರಿದ್ದ ಬಂಡಿ. ಅವತ್ತು ಅವನ ಕಣ್ಣು ಹಿಡಿದ ಜಾಗ ಅದು. ಟವೆಲಿನ ಕೆಳಗೆ ಅವನ ಕೈಯೊಳಗಿದ್ದದ್ದು ಆದೋನಿಯ ಹತ್ತಿ ವ್ಯಾಪಾರಿ ತಿಪ್ಪೇಶನ ಕೈ. ಹೊಲಕ್ಕೆಂದು ಕಿಲಾರಿ ಜೋಡಿ ನೋಡಲು ಬಂದಿದ್ದ. ಉಂಗುರದ ಕೈ, ಬೆವರುವ ಕೈ, ಕೊಡಬಲ್ಲವನಾದರೂ ಒಂದೊಂದು ಬೆರಳಿಗೂ ಜಗ್ಗುವ ಕೈ. ಮೊದಲನೆಯ ಒತ್ತಿಗೆ ಬಂಡಿಯ ಹಿಂದೆ, ಇವನ ಕಡೆಗೆ ಕಾಣುವ ಮೂಲೆಯಲ್ಲಿ, ಒಬ್ಬ ಕುಕ್ಕರಗಾಲಲ್ಲಿ ಕೂತಿದ್ದ. ವಸ್ತ್ರ ಕುತ್ತಿಗೆಯಲ್ಲಿತ್ತು, ಮುಖ ಬಿಸಿಲಿಗೆ ತೆರೆದಿತ್ತು. ಎರಡನೆಯ ಒತ್ತಿಗೆ ಅವನು ಸೊಪ್ಪೆಯೊಳಗೆ ಕೈ ತೂರಿಸಿದ. ಮೂರನೆಯದಕ್ಕೆ ಹೊರಗೆ ತೆಗೆದ. ಕಪ್ಪಗೆ, ಗಿಡ್ಡಗೆ ಇತ್ತು. ಮಫ್ತಿಯ ಪೊಲೀಸಿನವನಿರಬೇಕು ಎಂದುಕೊಂಡ ಬಜಾರಪ್ಪ. ಅಂದುಕೊಂಡ ಕೂಡಲೇ, ಪೊಲೀಸಿನವನು ಅದನ್ನು ಸೊಪ್ಪೆಯಲ್ಲಿ ಯಾಕೆ ಇಟ್ಟಾನು ಎಂದೂ ಹೊಳೆದಿತ್ತು. ಎರಡೂ ಒಂದೇ ಉಸಿರಿನಲ್ಲಿ ಬಂದವು. ಪೆದ್ದಾಯನ ಆಗಿನ್ನೂ ಹುಣಸೆ ಮರದ ಹತ್ತಿರ ಯಾರದೋ ಕೂಸನ್ನು ಎತ್ತಿಕೊಂಡು ನಿಂತಿದ್ದ. ಡೊಳ್ಳಿನ ಸದ್ದಿದ್ದರೂ ಬಜಾರಪ್ಪ ಗಂಟಲು ಬಿಚ್ಚಿ ಕೂಗಿದರೆ ಮೂರು ಸಂತೆಗೆ ಕೇಳುತ್ತದೆ.

ನಾಲ್ಕನೆಯ ಒತ್ತು ದೊಡ್ಡದಾಗಿ ಬಂತು. ತಿಪ್ಪೇಶ ಸೋಲುತ್ತಿದ್ದ. ಬಂಡಿಯ ಹಿಂದಿನವನು ವಸ್ತ್ರವನ್ನು ಮೂಗಿನವರೆಗೆ ಎಳೆದು ಎದ್ದು ನಿಂತ.

ಅಲ್ಲಿಂದ ಮುಂದಿನದು ಲೋಕಕ್ಕೆಲ್ಲ ಗೊತ್ತು, ಒಂದನ್ನು ಬಿಟ್ಟು. ಗುಂಡು ಹಾರಿದಾಗ ತಿಪ್ಪೇಶ ಹೆದರಿ ಬಜಾರಪ್ಪನ ಇಡೀ ಹಸ್ತವನ್ನು ಬಿಗಿಯಾಗಿ ಹಿಡಿದುಬಿಟ್ಟ. ಐದೂ ಬೆರಳು. ಸಂತೆಯ ಲೆಕ್ಕದಲ್ಲಿ ಅದೊಂದು ದರ, ಆ ಎತ್ತುಗಳಿಗೆ ಯಾರೂ ಕನಸಿನಲ್ಲೂ ಕೊಡದ ದರ. ಅದು ದರವಲ್ಲ, ಭಯ ಎಂದು ಬಜಾರಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವನ ಕೈ, ಅವನನ್ನು ಕೇಳದೆಯೇ, ಒಮ್ಮೆ ಕೆಳಕ್ಕೆ ಜಗ್ಗಿ ಒಪ್ಪಿಗೆ ಕೊಟ್ಟಿತು. ಕೈ ಕೇಳದೆ ಮಾಡಿತು ಎಂದು ಈಗ ಹೇಳಬಹುದು. ಹಾಗೆ ಹೇಳಿಕೊಂಡೇ ಅವನು ಹನ್ನೆರಡು ದಿನ ಕಳೆದಿದ್ದ. ಮರುವಾರ ತಿಪ್ಪೇಶ ತಾನೇ ಬಂದು, ಮುಖ ತಗ್ಗಿಸಿ, "ಕೈ ಕೊಟ್ಟೀನಿ ಬಜಾರಪ್ಪಾ, ಮುರಿಯಾಂಗಿಲ್ಲ," ಎಂದು ಜೋಡಿಯನ್ನು ಹೊಡೆದುಕೊಂಡು ಹೋದ. ಸಂತೆಯ ಮಾತು ಅಂದರೆ ಮಾತು. ಸತ್ತವನ ಪಕ್ಕದಲ್ಲಿ ನಡೆದ ವ್ಯಾಪಾರ ಎಂದು ಅದಕ್ಕೇನೂ ರಿಯಾಯಿತಿ ಇಲ್ಲ.

"ಏನು ಯೋಚನಿ?" ಎಂದ ನಾಗಭೂಷಣ. "ಸುಂಕೇಶನ ಬಗ್ಗೆ ಪಾಪ ಅನ್ನಿಸ್ತದಾ? ಅವನ ಮ್ಯಾಲ ಹಳೇ ಹೊಡದಾಟದ ಕೇಸೈತಿ. ಏನೂ ಸಾಚಾ ಅಲ್ಲ. ಮ್ಯಾಲಿಂದ ದಿನಾ ಫೋನು ಬರ್ತಾವ ನನಗ. ಯಾರನ್ನಾರ ಒಬ್ರನ್ನ ತೋರಿಸು ಅಂತಾರ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಬಜಾರಪ್ಪ ತನ್ನ ಬಲಗೈಯನ್ನು ತೊಡೆಯ ಕೆಳಗೆ ಸರಿಸಿಕೊಂಡ. ಅಧಿಕಾರಿ ಹಾಸಿದ ದಾರಿ ಹೂವಿನ ಹಾಗಿತ್ತು. ನಾಳೆ ಎರಡು ಮಾತು ಹೇಳಿದರೆ ಆ ಕೆಂಪು ಉಂಗುರ ಹೋಗಿ ಹೂವಿನ ಹಾರ ಬರುತ್ತದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಟಿವಿಯವರು ನಾಳೆ ಇದನ್ನೂ ಒಪ್ಪಿಕೊಳ್ಳುತ್ತಾರೆ. ಆಲೂರಿನ ಬಸ್ ನಿಲ್ದಾಣದಲ್ಲಿ ಜನ ಎದ್ದು ಜಾಗ ಕೊಡುತ್ತಾರೆ, ರಾಣಿ ಬಚ್ಚಿಟ್ಟ ಫೋನನ್ನು ತಾನೇ ಹೊರಗೆ ತೆಗೆಯುತ್ತಾಳೆ. ಇನ್ನೊಂದು ದಾರಿಯೂ ಇದೆ: ಏನೂ ಕಾಣಲಿಲ್ಲ ಎನ್ನುವುದು. ಆಗಲೂ ಸುಂಕೇಶ ಒಳಗೇ ಉಳಿಯುತ್ತಾನೆ, ಚೌಕಳಿ ವಸ್ತ್ರವೇ ಸಾಕ್ಷಿ ಹೇಳುತ್ತದೆ, ಬಜಾರಪ್ಪನ ಬಾಯಿ ಮಾತ್ರ ಮೈಲಿಗೆಯಾಗುವುದಿಲ್ಲ. ಸುಂಕೇಶನಲ್ಲ, ಕೊಂದವನ ಮುಖ ಬಲ್ಲೆ ಎನ್ನಬೇಕಾದರೆ, ಅದು ವಸ್ತ್ರ ಎಳೆದುಕೊಳ್ಳುವ ಮುಂಚೆ ಕಂಡ ಮುಖ ಎನ್ನಬೇಕು. ಮುಂಚೆ ಎಂದ ಮೇಲೆ ಉಳಿದದ್ದನ್ನು ಹಸುಗೂಸೂ ಕೇಳುತ್ತದೆ. ಕೇಳದೆ ಇದ್ದರೂ ಮನಸ್ಸಿನಲ್ಲಿ ಅಂದುಕೊಳ್ಳುತ್ತದೆ. ಪೆದ್ದಾಯನನ್ನು ಕೊಂದವನು ಓಡಿಹೋದ, ಉಳಿಸಬಹುದಾಗಿದ್ದವನು ಆಲೂರಿನಲ್ಲಿ ಬೀಡಿ ಸೇದುತ್ತಾನೆ ಎಂದು ಉಗುಳುತ್ತಾರೆ. ಇನ್ನು ಯಾವ ಸಂತೆಯಲ್ಲಿ ಯಾರು ಅವನಿಗೆ ಕೈ ಕೊಡುತ್ತಾರೆ? ಅವನಿಗೆ ಭಯವಾಯಿತು. ಗುಂಡಿನ ಸದ್ದಿಗೆ ಆಗದ ಭಯ ಈಗ, ಫ್ಯಾನಿನ ಕೆಳಗೆ, ಟೀ ಕುಡಿದ ಮೇಲೆ ಆಯಿತು.

"ಸಾರು," ಎಂದ. "ವಸ್ತ್ರ ಜಾರ್ಲಿಲ್ಲ."

"ಮತ್ತ?"

"ನಾ ನೋಡಿದ್ದು ಮುಂಚೆ. ವಸ್ತ್ರ ಕಟ್ಟಿಕಣಕಿಂತ ಮುಂಚೆ. ಬೇಲಿತಾಕ ಸೊಪ್ಪಿ ಬಂಡಿ ಇತ್ತು, ಅದರ ಹಿಂದ ಕುಂತಿದ್ದ. ಸೊಪ್ಪ್ಯಾಗಿಂದ ಪಿಸ್ತೂಲು ತಗದ. ಸುಂಕೇಶ ಅಲ್ಲ ಸಾರು ಅಂವ."

ನಾಗಭೂಷಣ ಹಿಂದಕ್ಕೆ ಒರಗಿದ. ಸಿಟ್ಟಾಗುತ್ತಾನೆಂದು ಬಜಾರಪ್ಪ ಕಾದ. ಸಿಟ್ಟಾಗಲಿಲ್ಲ. ನಿದ್ದೆಗೆಟ್ಟ ಕಣ್ಣಲ್ಲಿ ಅವನನ್ನೇ ನೋಡುತ್ತ, ಪೆನ್ನು ತೆಗೆದು, "ಹೆಂಗಿದ್ದ ಹೇಳು," ಎಂದ.

ಬಜಾರಪ್ಪ ಹೇಳಿದ. ಮಾರಾಟಕ್ಕೆ ಬಂದ ಜೀವವನ್ನು ವರ್ಣಿಸುವ ಹಾಗೆ, ತಲೆಯಿಂದ ಗೊರಸಿನವರೆಗೆ, ಹೆಚ್ಚು ಕಮ್ಮಿ ಮಾಡದೆ ಹೇಳಿದ. ಮೂವತ್ತೈದರ ಒಳಗೆ ವಯಸ್ಸು. ಎಡಗಿವಿಯ ಹಾಲೆ ಹರಿದು ಎರಡಾಗಿದೆ. ಹುಬ್ಬು ಕೂಡಿವೆ. ಮೇಲಿನ ಎರಡು ಹಲ್ಲಿನ ನಡುವೆ ಸಂದಿ. ಎದ್ದು ನಿಂತಾಗ ಬಲಗಾಲಿನ ಮೇಲೆ ಪೂರ್ತಿ ಭಾರ ಹಾಕುವುದಿಲ್ಲ. ಕಿವಿಯ ಮಾತಿಗೆ ನಾಗಭೂಷಣ ಬರೆಯುವುದನ್ನು ನಿಲ್ಲಿಸಿದ. ಎದ್ದು ಪಕ್ಕದ ಕೋಣೆಗೆ ಹೋಗಿ ಬೇರೊಂದು ಫೈಲು ತಂದು, ಏಳು ಫೋಟೋಗಳನ್ನು ಮೇಜಿನ ಮೇಲೆ ಹರಡಿದ. ಬಜಾರಪ್ಪ ಐದನೆಯದರ ಮೇಲೆ ಬೆರಳಿಟ್ಟ. ಅದರಲ್ಲಿ ಕಿವಿಗಳು ಕೂದಲಿನಲ್ಲಿ ಮುಚ್ಚಿಹೋಗಿದ್ದವು.

"ಪಕ್ಕಾ?"

"ಪಕ್ಕಾ ಸಾರು."

ನಾಗಭೂಷಣ ಆ ಫೋಟೋವನ್ನು ಬೋರಲು ಹಾಕಿದ. ಅದು ಯಾರೆಂದು ಹೇಳಲಿಲ್ಲ, ಬಜಾರಪ್ಪ ಕೇಳಲಿಲ್ಲ. ಹೊರಗೆ ಜೀಪೊಂದು ಬಂದು ನಿಂತು ಮತ್ತೆ ಹೋಯಿತು.

"ಅವನು ಪಿಸ್ತೂಲು ತಗದಾಗ ಪೆದ್ದಾಯನ ಎಲ್ಲಿದ್ರು?"

"ಹುಣಸಿ ಗಿಡದತಾಕ. ಕೂಸು ಎತ್ತಿಕಂಡು ನಿಂತಿದ್ರು."

ನಾಗಭೂಷಣ ನಕ್ಷೆಯ ಕಡೆ ತಿರುಗಿ ನೋಡಿದ. ಹುಣಸೆ ಮರದಿಂದ ಕೆಂಪು ಚುಕ್ಕೆಗೆ ಒಂದು ಮೊಳಕ್ಕಿಂತ ಕಡಿಮೆ. ನೆಲದ ಮೇಲೆ ಅದೆಷ್ಟು ಎಂದು ಇಬ್ಬರಿಗೂ ತಿಳಿದಿತ್ತು.

"ಬಜಾರಪ್ಪಾ, ಇದನ್ನ ನಾ ಕೇಳಲೇಬೇಕು. ನಾ ಬಿಟ್ರೂ ಹೊಡದೋನ ವಕೀಲ ಬಿಡಂಗಿಲ್ಲ." ಅವನು ಮೊದಲ ಸಲ ಬಹುವಚನಕ್ಕೆ ತಿರುಗಿದ. "ನೀವು ಯಾಕ ಕೂಗ್ಲಿಲ್ಲ?"

ಉತ್ತರಗಳು ಸಾಲಾಗಿ ನಿಂತಿದ್ದವು. ಮಫ್ತಿ ಪೊಲೀಸು ಅಂದುಕೊಂಡೆ ಎನ್ನಬಹುದು. ಬಾಯಿ ಒಣಗಿತು ಎನ್ನಬಹುದು. ಕೈ ಒಳಗಿರುವಾಗ ಬಾಯಿ ಬಿಡಬಾರದೆಂದು ಅಪ್ಪ ಕಲಿಸಿದ್ದ ಎನ್ನಬಹುದು. ಅದನ್ನು ಕೇಳಿ ಯಾರಾದರೂ ಕಣ್ಣೊರೆಸಿಕೊಂಡಾರು. ಎಲ್ಲದರಲ್ಲೂ ಒಂದು ಚೂರು ನಿಜವಿತ್ತು. ಬಜಾರಪ್ಪ ಅವನ್ನು ಒಂದೊಂದಾಗಿ ಬಾಯಿ ತೆರೆಸಿ ಹಲ್ಲು ನೋಡಿದ, ಯಾವುದೂ ಆ ಹೊತ್ತಿನ ವಯಸ್ಸಿಗೆ ಹೊಂದಲಿಲ್ಲ.

"ಇನ್ನೊಂದು ಬೆರಳಿಗೆ ತಿಪ್ಪೇಶಪ್ಪ ಒಪ್ತಾನೇನೋ ಅಂತ ನೋಡ್ತಿದ್ದೆ ಸಾರು," ಎಂದ.

ನಾಗಭೂಷಣ ಪೆನ್ನನ್ನು ಮೇಜಿನ ಮೇಲಿಟ್ಟ. ಫ್ಯಾನು ತಿರುಗುತ್ತಿತ್ತು, ಕಾಗದ ಹಾರದಂತೆ ಅವನು ಅಂಗೈ ಊರಿದ.

"ಇದನ್ನ ಬರದ್ರ ನೀವು ಊರಾಗ ತಲಿ ಎತ್ತಿ ತಿರುಗಾಕ ಆಗಂಗಿಲ್ಲ. ಮನೀತಾಕ ಬಂದು ಕಲ್ಲು ಹೊಡೀತಾರ. ಬ್ಯಾಡ ಬಿಡ್ರಿ. ಹೆದರಿಕಿ ಆತು, ಅದಕ್ಕ ಕೂಗ್ಲಿಲ್ಲ ಅಂತ ಬರೀತೀನಿ. ಯಾರಿಗಾದ್ರೂ ಹೆದರಿಕಿ ಆಗ್ತೈತಿ."

"ಹೆದರಿದೋನಿಗೆ ಇಪ್ಪತ್ತು ಹೆಜ್ಜಿ ಮ್ಯಾಲ ಕಿವಿ ಹರದದ್ದು ಕಾಣ್ತೈತೇನ್ರಿ ಸಾರು?" ಎಂದ ಬಜಾರಪ್ಪ. "ಹಲ್ಲಿನ ಸಂದಿ ಕಾಣ್ತೈತೇನು? ಕೋರ್ಟಿನಾಗ ಆ ವಕೀಲ ಹಂಗ ಕೇಳಿದ್ರ ಗೇಟಿನತಾಕ ಕುಂತ ಆಕಿ ಮಗ ಒಳಗ ಉಳೀತಾನ. ನನಗ ಹೆದರಿಕಿ ಆಗಿದ್ದಿಲ್ಲ. ಏನೂ ಆಗಿದ್ದಿಲ್ಲ. ಅದಕ್ಕ ಅಷ್ಟು ಚಂದ ಕಂಡೈತಿ. ನಾ ಹೇಳಿದ್ದ ಬರೀರಿ."